ಸ್ಕೂಲ್ ಮ್ಯಾಗಝೀನ್‌ಗೆ ಕ್ಯಾಮೆರಾ: ಬಾಡಿಗಿಂತ ಲೆನ್ಸು, ಲೆನ್ಸಿಗಿಂತ ಡಬ್ಬ

ನಮ್ಮ ಹೈಸ್ಕೂಲು ಕೊಡಗಿನ ಸೋಮವಾರಪೇಟೆ ಕಡೆ. ವರ್ಷಕ್ಕೊಂದು ಮ್ಯಾಗಝೀನ್ ತರುತ್ತೇವೆ. ಫೋಟೋ ಕೆಲಸ ಎಂಟು ಮತ್ತು ಒಂಬತ್ತನೇ ತರಗತಿ ಮಕ್ಕಳದ್ದು, ಮೇಲುಸ್ತುವಾರಿ ನನ್ನದು. ಹಿಂದೆ ಸ್ಟುಡಿಯೋದವರನ್ನೇ ಕರೆಸುತ್ತಿದ್ದೆವು. ಅವರು ವಾರ್ಷಿಕೋತ್ಸವಕ್ಕೆ ಬರುತ್ತಾರೆ, ಗ್ರೂಪ್ ಫೋಟೋಗೆ ಬರುತ್ತಾರೆ. ಆದರೆ ಜುಲೈ ಮಳೆಯಲ್ಲಿ ಮಕ್ಕಳು ಕೊಡೆಗಳನ್ನು ಕಾರಿಡಾರಿನುದ್ದಕ್ಕೂ ಬಿಚ್ಚಿಟ್ಟಿರೋದನ್ನು ತೆಗೆಯೋಕೆ ಯಾರು ಬರುತ್ತಾರೆ ಹೇಳಿ. ಮ್ಯಾಗಝೀನ್‌ನಲ್ಲಿ ಪ್ರತಿ ವರ್ಷ ಅದೇ ಬಹುಮಾನ ವಿತರಣೆ, ಅದೇ ಹೂಗುಚ್ಛ. ಹಳೆ ವಿದ್ಯಾರ್ಥಿಗಳು ಮೂವತ್ತು ಸಾವಿರ ಕೊಡುತ್ತೇವೆ, ಕ್ಯಾಮೆರಾ ತಗೊಳ್ಳಿ ಅಂದಾಗ ನಾನು ಬೇಡ ಅನ್ನಲಿಲ್ಲ.

ಸ್ಟಾಫ್ ರೂಮಿನಲ್ಲಿ ಮೊದಲ ಪ್ರಶ್ನೆ, ಎಷ್ಟು ಮೆಗಾಪಿಕ್ಸೆಲ್? ಇದಕ್ಕೆ ಲೆಕ್ಕ ಸುಲಭ. ಎ4 ಪುಟ ತುಂಬಾ ಒಂದು ಫೋಟೋ, ಪ್ರೆಸ್‌ನವರು ಕೇಳುವ 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ಹಾಕಿದರೆ 2480 ಗುಣಿಸು 3508 ಪಿಕ್ಸೆಲ್ ಬೇಕು. ಅಂದರೆ ಒಂಬತ್ತು ಮೆಗಾಪಿಕ್ಸೆಲ್ಲಿಗಿಂತ ಸ್ವಲ್ಪ ಕಡಿಮೆ. ಎದುರುಬದುರು ಎರಡು ಪುಟಕ್ಕೂ ಹರಡಿದರೆ ಹದಿನೇಳೂವರೆ. ಹಾಗಾಗಿ ಹದಿನೆಂಟು ಮೆಗಾಪಿಕ್ಸೆಲ್ ಇರೋ, ಲೆನ್ಸು ಬದಲಿಸಬಹುದಾದ ಹಳೆ ಡಿಎಸ್ಎಲ್ಆರ್ ಕ್ಯಾಮೆರಾ ನಮ್ಮ ಕೆಲಸಕ್ಕೆ ಧಾರಾಳ. ಆನ್‌ಲೈನಿನಲ್ಲಿ ಏಳೆಂಟು ಸಾವಿರಕ್ಕೆ 48 ಮೆಗಾಪಿಕ್ಸೆಲ್, 4ಕೆ ಅಂತ ಹೆಸರೇ ಕೇಳದ ಕಂಪನಿಗಳ ಹೊಚ್ಚ ಹೊಸ ಕ್ಯಾಮೆರಾ ಸಿಗುತ್ತವಲ್ಲ, ಅವುಗಳ ಹತ್ತಿರ ಹೋಗಬೇಡಿ. ಒಳಗಿರೋದು ಬೆಳಕು ಹಿಡಿಯೋ ಪುಟ್ಟ ಸೆನ್ಸರ್, ಆ ಅಂಕಿಯನ್ನು ಸಾಫ್ಟ್‌ವೇರ್ ಹಿಗ್ಗಿಸಿ ಕೊಡುತ್ತದೆ, ಅಷ್ಟೇ. ಮಕ್ಕಳ ಆಟಿಕೆ ಅದು.

ಇನ್ನೊಂದು ವಿಷಯ ಮೊದಲೇ ಒಪ್ಪಿಕೊಂಡುಬಿಡೋಣ. ಹಗಲು ಬೆಳಕಲ್ಲಿ, ಹತ್ತಿರದಿಂದ ತೆಗೆಯೋ ಫೋಟೋಗೆ ಟೀಚರ್‌ಗಳ ಮೊಬೈಲೇ ಸಾಕು. ವಿಜ್ಞಾನ ಮೇಳದ ಮಾದರಿ, ಗೋಡೆ ಪತ್ರಿಕೆ, ಗಿಡ ನೆಡೋದು, ಎಲ್ಲ ಮೊಬೈಲಿನದ್ದೇ. ಎರಡು ಕಟ್ಟುನಿಟ್ಟು ಮಾತ್ರ: ಬೆರಳಲ್ಲಿ ಎಳೆದು ಝೂಮ್ ಮಾಡಬಾರದು, ಕಾಲಲ್ಲಿ ನಡೆದು ಹತ್ತಿರ ಹೋಗಬೇಕು. ಮತ್ತೆ ವಾಟ್ಸ್ಆ್ಯಪಿನಲ್ಲಿ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಬೇಕು, ಇಲ್ಲದಿದ್ದರೆ ಅದು ಫೋಟೋವನ್ನು ಹಿಂಡಿ ಸಣ್ಣದು ಮಾಡುತ್ತೆ, ಪ್ರಿಂಟಿನಲ್ಲಿ ಕಣ್ಣು ಮೂಗು ಎಲ್ಲ ಕಲಸಿ ಹೋಗಿರುತ್ತೆ.

ಹಾಗಾದರೆ ಕ್ಯಾಮೆರಾ ಬೇಕಾಗಿದ್ದು ಎರಡಕ್ಕೆ. ಒಂದು ಹಾಕಿ ಆಟ, ಇನ್ನೊಂದು ಸಂಜೆಯ ಸ್ಟೇಜು. 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಮನೆತನಗಳ ನಡುವಿನ ಕೌಟುಂಬಿಕ ಹಾಕಿ ಶುರುವಾದ ಜಿಲ್ಲೆ ಇದು, ಶಾಲೆ ಮ್ಯಾಗಝೀನ್‌ನಲ್ಲಿ ಹಾಕಿ ಪುಟ ಚೆನ್ನಾಗಿಲ್ಲದಿದ್ದರೆ ಮಕ್ಕಳಿಗಿಂತ ಮೊದಲು ಅಪ್ಪಂದಿರೇ ಕೇಳುತ್ತಾರೆ. ಸ್ಟಿಕ್ಕು, ಬಾಲು ಎರಡೂ ಅಲುಗಾಡದೆ ನಿಲ್ಲಬೇಕಾದರೆ ಶಟರ್ ಸ್ಪೀಡ್, ಅಂದರೆ ಬೆಳಕು ಒಳಗೆ ಬಿಡೋ ಹೊತ್ತು, 1/1000 ಸೆಕೆಂಡ್ ಇಡಬೇಕು, ಮೋಡ ಇದ್ದರೆ ಕನಿಷ್ಠ 1/500.

ಸ್ಟೇಜಿನದ್ದು ಬೇರೆ ಕಥೆ, ಅಲ್ಲಿ ಬೆಳಕೇ ಇರೋದಿಲ್ಲ. ಕ್ಯಾಮೆರಾ ಜೊತೆ ಬರೋ 18-55 ಲೆನ್ಸನ್ನು ಪೂರ್ತಿ ಝೂಮ್ ಮಾಡಿದರೆ ಅದರ ಅಪರ್ಚರ್, ಅಂದರೆ ಬೆಳಕು ಬರೋ ಕಿಂಡಿ, ಎಫ್/5.6. ಈ ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು. 50 ಎಂಎಂ ಎಫ್/1.8 ಲೆನ್ಸು ಹಾಕಿದರೆ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು ಒಳಗೆ ಬರುತ್ತೆ. ಬಾಡಿ, ಅಂದರೆ ಲೆನ್ಸಿಲ್ಲದ ಬರೀ ಕ್ಯಾಮೆರಾ, ಎಷ್ಟೇ ದುಬಾರಿಯದ್ದು ತಗೊಳ್ಳಿ, ಈ ಹತ್ತು ಪಟ್ಟನ್ನು ಅಷ್ಟು ಅಗ್ಗದಲ್ಲಿ ಬೇರೆ ಯಾವುದೂ ಕೊಡೋದಿಲ್ಲ. ಹಾಗಾಗಿ ನಾನು ಬಾಡಿ ಹಳೆಯದು, ಲೆನ್ಸು ಒಳ್ಳೆಯದು ಅಂತ ತೀರ್ಮಾನಿಸಿದೆ.

ಯಾವ ಬಾಡಿ ಅನ್ನೋದಕ್ಕೆ ಮೂರು ಹೆಸರು ನೋಡಿದೆ. ಕ್ಯಾನನ್ 1300ಡಿ, ನಿಕಾನ್ ಡಿ3300, ಸೋನಿ ಎ6000. ಸೋನಿ ಹಗುರ, ಫೋಕಸ್ ಚುರುಕು, ಹಾಕಿಗೆ ಅದೇ ಚೆಂದ ನಿಜ. ಆದರೆ ಅದು ಮಿರರ್‌ಲೆಸ್, ಒಳಗೆ ಕನ್ನಡಿ ಇಲ್ಲದೆ ಎಲ್ಲವನ್ನೂ ಎಲೆಕ್ಟ್ರಾನಿಕ್ ಪರದೆಯಲ್ಲೇ ತೋರಿಸೋದು, ಬ್ಯಾಟರಿ ಕುಡಿಯುತ್ತೆ. ಸ್ಕ್ರೀನ್ ನೋಡಿಕೊಂಡು ತೆಗೆದರೆ ಒಂದು ಚಾರ್ಜಿಗೆ ಕಂಪನಿ ಹೇಳೋದೇ ಸುಮಾರು 360 ಫೋಟೋ. 1300ಡಿಗೆ 500, ಡಿ3300ಗೆ 700. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ದಿನಗಟ್ಟಲೆ ಹೋಗೋ ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ. ನಿಕಾನಿನ ಫೋಟೋ ನನಗೆ ಜಾಸ್ತಿ ಇಷ್ಟ, ಆದರೆ ಅದರಲ್ಲಿ ಒಂದು ತೊಡಕಿದೆ. ಡಿ3300 ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗೋ 50 ಎಂಎಂ ಎಫ್/1.8ಡಿ ಹಾಕಿದರೆ ಕೈಯಲ್ಲೇ ಫೋಕಸ್ ತಿರುಗಿಸಬೇಕು. ಲೆನ್ಸಿನೊಳಗೇ ಮೋಟಾರ್ ಇರೋ, ಎಎಫ್-ಎಸ್ ಅಂತ ಬರೆದಿರೋದೇ ಬೇಕು, ಅದಕ್ಕೆ ಬೆಲೆ ಜಾಸ್ತಿ. ಕೊನೆಗೆ ಕ್ಯಾನನ್ ಕಡೆ ವಾಲಿದ್ದು ಸುಮ್ನೆ ಒಂದು ಅನುಕೂಲಕ್ಕೆ: ನಮ್ಮೂರ ಸ್ಟುಡಿಯೋದವರ ಹತ್ತಿರ ಕ್ಯಾನನ್ನಿನ, ದೂರದ್ದನ್ನು ಹತ್ತಿರ ತರೋ 55-250 ಲೆನ್ಸಿತ್ತು, ಹಾಕಿ ಪಂದ್ಯದ ದಿನ ತಗೊಂಡು ಹೋಗಿ ಮೇಡಂ ಅಂದರು.

ಕೊಳ್ಳೋಕೆ ಮೈಸೂರಿಗೆ ಹೋದಾಗ ಟೀಮಿನ ಒಂಬತ್ತನೇ ತರಗತಿ ಹುಡುಗಿಯೊಬ್ಬಳೂ ಅವಳ ಅಮ್ಮನೂ ಜೊತೆಗಿದ್ದರು. ಅಂಗಡಿಯವರು ಮೊದಲು ತೋರಿಸಿದ ಲೆನ್ಸು ಹೊರಗಿಂದ ಫಳಫಳ. ಲೆನ್ಸನ್ನು ಬಾಡಿಯಿಂದ ಬಿಚ್ಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ, ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡು ಅಂತ ಅವಳಿಗೆ ಕೊಟ್ಟೆ.

“ಮಿಸ್, ಒಳಗೆ ಕೂದಲು ಥರ ಏನೋ ಇದೆ, ಕವಲು ಕವಲಾಗಿ.”

“ಅದು ಧೂಳಮ್ಮ, ಒರೆಸಿದ್ರೆ ಹೋಗುತ್ತೆ” ಅಂದರು ಅಂಗಡಿಯವರು. ಧೂಳು ಕವಲೊಡೆಯೋದಿಲ್ಲ. ಅದು ಫಂಗಸ್, ಗಾಜುಗಳ ನಡುವೆ ಬೆಳೆದಿರುತ್ತೆ, ಹೊರಗಿಂದ ಒರೆಸೋಕೆ ಆಗೋದೇ ಇಲ್ಲ. ಬಿಟ್ಟರೆ ಗಾಜಿನ ಮೇಲಿನ ಕೋಟಿಂಗನ್ನೇ ತಿನ್ನುತ್ತೆ. ಅದನ್ನು ವಾಪಸ್ ಕೊಟ್ಟು ಬೇರೆ ತೆಗೆಸಿದೆವು. ಬಾಡಿಗೂ ಪರೀಕ್ಷೆ ಇದೆ. ಅಪರ್ಚರ್ ಎಫ್/16 ಇಟ್ಟು ಬಿಳಿ ಗೋಡೆಯ ಫೋಟೋ ತೆಗೆದರೆ ಸೆನ್ಸರ್ ಮೇಲಿನ ಧೂಳು ಕಪ್ಪು ಚುಕ್ಕೆಯಾಗಿ ಕಾಣುತ್ತೆ. ಮುಚ್ಚಳ ಹಾಕಿಯೇ ಒಂದು ಫೋಟೋ ತೆಗೆದರೆ ಕೆಟ್ಟ ಪಿಕ್ಸೆಲ್ ಹೊಳೆಯುತ್ತೆ. ಕಾರ್ಡ್ ಹಾಕೋ ಜಾಗ, ಬ್ಯಾಟರಿ ಬಾಗಿಲು, ಎಲ್ಲ ಬಟನ್ನು ಒತ್ತಿ ನೋಡಿ, ಅವಸರ ಬೇಡ. ಬಾಡಿ, ಅದರ ಜೊತೆ ಬರೋ 18-55 ಲೆನ್ಸು ಎರಡೂ ಸೇರಿ ಹದಿನೈದು ಸಾವಿರದ ಹತ್ತಿರ ಆಯಿತು. ಕ್ಯಾನನ್ನಿನ 50 ಎಂಎಂ ಎಫ್/1.8 ಎಸ್‌ಟಿಎಂ ಲೆನ್ಸು ಮಾತ್ರ ಹೊಸದನ್ನೇ ತಗೊಂಡೆ.

ಉಳಿದ ದುಡ್ಡಿನಲ್ಲಿ ಎರಡನೇ ಬ್ಯಾಟರಿ, ಎರಡು 32 ಜಿಬಿ ಕಾರ್ಡು, ಮತ್ತೆ ಡಬ್ಬ. ಕೊಡಗಿನಲ್ಲಿ ಕ್ಯಾಮೆರಾ ತಗೊಳ್ಳೋರು ಇದನ್ನು ಮರೆಯೋ ಹಾಗಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುತ್ತೆ, ಲೆನ್ಸಿನ ಪಾಡೇನು? ಕ್ಯಾಮೆರಾ ಬ್ಯಾಗಿನಲ್ಲಿಟ್ಟರೆ ಬ್ಯಾಗೇ ತೇವ ಹಿಡಿದುಕೊಳ್ಳುತ್ತೆ. ರಬ್ಬರ್ ಅಂಚಿನ, ಗಾಳಿ ಆಡದ ದೊಡ್ಡ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸೋ ಪುಟ್ಟ ಮೀಟರ್. ಮೀಟರ್ ಶೇಕಡಾ 40ರಿಂದ 50ರ ನಡುವೆ ಇರಬೇಕು. 60 ದಾಟಿದರೆ ಜೆಲ್ಲನ್ನು ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಆರಿಸಿ, ಮತ್ತೆ ಹಾಕುತ್ತೇವೆ. ಕಿತ್ತಳೆಯಿಂದ ಹಸಿರಿಗೆ ತಿರುಗೋ ಜೆಲ್ ತಗೊಳ್ಳಿ, ನೀಲಿಯದ್ದರಲ್ಲಿ ಕೋಬಾಲ್ಟ್ ಇರುತ್ತೆ, ಮಕ್ಕಳ ಕೈಗೆ ಬೇಡ. ಅಕ್ಕಿ ಹಾಕಿ ಅಂತ ಹೇಳೋರಿದ್ದಾರೆ. ಅಕ್ಕಿ ಊಟಕ್ಕೆ ಸರಿ, ಅದರ ಹುಡಿ ಲೆನ್ಸಿಗೆ ಒಳ್ಳೆಯದಲ್ಲ.

ಬಳಕೆಯಲ್ಲಿ ನಮಗೆ ಗೊತ್ತಾಗಿದ್ದು ಇನ್ನೂ ಸ್ವಲ್ಪ ಇದೆ. ಬೆಳಗಿನ ಪ್ರಾರ್ಥನೆ ಹೊತ್ತಿಗೆ ಮಂಜು ಕವಿದಿದ್ದರೆ ಕ್ಯಾಮೆರಾ ಆ ಬಿಳುಪನ್ನು ನೋಡಿ ಫೋಟೋವನ್ನು ಮಂಕು ಮಾಡುತ್ತೆ, ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದರೆ ಬೆಳಕನ್ನು ಎರಡು ಪಟ್ಟು, ಏರಿಸಬೇಕು. ಸ್ಟೇಜಿನಲ್ಲಿ ಇದರ ಉಲ್ಟಾ. ಕೊಡವ ಹೆಂಗಸರ ಕುಣಿತ ಉಮ್ಮತ್ತಾಟ್‌ಗೆ ಹೆಣ್ಣುಮಕ್ಕಳು ಕೆಂಪು ಸೀರೆ ಉಟ್ಟು ನಿಂತಿರುತ್ತಾರೆ, ಮೇಲಿಂದ ಲೈಟಿನವರು ಕೆಂಪು ಎಲ್‌ಇಡಿಯನ್ನೇ ಬಿಡುತ್ತಾರೆ. ಸೀರೆಯ ನೆರಿಗೆ, ಅಂಚು ಏನೂ ಕಾಣದೆ ಬರೀ ಕೆಂಪು ಮುದ್ದೆ. ಆಗ ಒಂದು ಸ್ಟಾಪ್ ಇಳಿಸಿ, ಶಟರ್ 1/250ರಲ್ಲಿ, ಸೆನ್ಸರ್ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನೋ ಐಎಸ್ಒವನ್ನು 1600ರಲ್ಲಿ ಇಟ್ಟು, ಬಣ್ಣದ ಲೈಟು ಬದಲಾಗೋ ತನಕ ಕಾಯೋದೇ ದಾರಿ. ಲೈಟಿನವರ ಹತ್ತಿರ ಹೋಗಿ “ಅಣ್ಣಾ, ಈ ಡ್ಯಾನ್ಸಿಗೆ ಬಿಳಿ ಬಿಡಿ” ಅಂತ ಕೇಳೋದು ಅದಕ್ಕಿಂತ ಸುಲಭ, ನಮ್ಮ ಹುಡುಗಿಯರು ಈಗ ಅದನ್ನೇ ಮಾಡುತ್ತಾರೆ.

ಕ್ಯಾಮೆರಾ ಕೊರಳಿಗೆ ಹಾಕದೆ ಯಾರೂ ಮುಟ್ಟೋ ಹಾಗಿಲ್ಲ, ವಾಪಸ್ ಡಬ್ಬಕ್ಕೆ ಇಟ್ಟವರು ಪುಸ್ತಕದಲ್ಲಿ ಹೆಸರಿನ ಜೊತೆ ಮೀಟರಿನ ಅಂಕಿಯನ್ನೂ ಬರೆಯಬೇಕು. ಮುಂದಿನ ವರ್ಷಕ್ಕೆ ಏನು ಬೇಕು ಅಂತ ಹಳೆ ವಿದ್ಯಾರ್ಥಿಗಳು ಕೇಳಿದ್ದಾರೆ. ಟೀಮಿನ ಹುಡುಗರು ಡ್ರೋನ್ ಅಂತ ಬರೆದುಕೊಟ್ಟರು. ನಾನು ಅದನ್ನು ಹೊಡೆದುಹಾಕಿ, ಸೆಕೆಂಡ್ ಹ್ಯಾಂಡ್ 55-250 ಅಂತ ಬರೆದೆ. ಸ್ಟುಡಿಯೋದವರನ್ನು ಎಷ್ಟು ಸಲ ಅಂತ ಕೇಳೋದು.