ಪರ್ಕಳದ ಅಂಗಳದಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಬದಲಿಸಿದ್ದು

ಬ್ರಹ್ಮಾವರದಿಂದ ಸಂತೆಕಟ್ಟೆಯ ಕಡೆಗೆ ಹೆದ್ದಾರಿಯಲ್ಲಿ ಗಂಟೆಗೆ 50–60 ಕಿಲೋಮೀಟರ್ ವೇಗದಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿಕೊಂಡು ಬರುವಾಗ, ರಸ್ತೆಯ ಮೇಲಿನ ದಪ್ಪ ಬಿಳಿ ಪಟ್ಟಿಗಳ ಮೇಲೆ ಚಕ್ರ ಉರುಳಿದಂತಹ ಒಂದು ಸಣ್ಣ ನಡುಕ ಕಾರಿನೊಳಗೆ ಎರಡು ಮೂರು ಸೆಕೆಂಡು ಬಂದು ಹೋಗುತ್ತಿತ್ತು. ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದರೆ ಅಥವಾ ಪೂರ್ತಿ ಬಿಟ್ಟರೆ ನಡುಕ ಇಲ್ಲ. ನನ್ನದು 2010ರ ಹೋಂಡಾ ಸಿಟಿ, 5 ಗೇರಿನ ಆಟೋಮ್ಯಾಟಿಕ್. ಓಡಿದ್ದು 62,000 ಕಿಲೋಮೀಟರ್. ಟಯರುಗಳನ್ನು ಬ್ಯಾಲೆನ್ಸ್ ಮಾಡಿಸಿ, ಸ್ಪಾರ್ಕ್ ಪ್ಲಗ್ಗುಗಳನ್ನು ಬದಲಿಸಿ ಆದ ಮೇಲೂ ಅದು ಹೋಗದಿದ್ದಾಗ ಸಂಶಯ ಗೇರ್‌ಬಾಕ್ಸಿನ ಎಣ್ಣೆಯ ಮೇಲೆ ಹೋಯಿತು. ಒಂದು ಗ್ಯಾರೇಜಿನಲ್ಲಿ ವಿಚಾರಿಸಿದರೆ, ಆಟೋಮ್ಯಾಟಿಕ್ ಗಾಡಿಯ ಗೇರ್ ಎಣ್ಣೆಯನ್ನು ಆಯುಷ್ಯಪೂರ್ತಿ ಮುಟ್ಟಬೇಕಾಗಿಲ್ಲ ಎಂಬ ಉತ್ತರ ಸಿಕ್ಕಿತು. ಈ ಮಾತನ್ನು ನಾನು ಒಪ್ಪುವುದಿಲ್ಲ.

ಮ್ಯಾನುವಲ್ ಗಾಡಿಯಲ್ಲಿ ಗೇರ್ ಎಣ್ಣೆಯ ಮುಖ್ಯ ಕೆಲಸ ಹಲ್ಲುಗಳು ಸವೆಯದಂತೆ ಕಾಯುವುದು. ಆಟೋಮ್ಯಾಟಿಕ್‌ನಲ್ಲಿ ಇಂಜಿನ್ನಿನ ಬಲವನ್ನು ಟಾರ್ಕ್ ಕನ್ವರ್ಟರಿನ (ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆಯ ಹರಿವಿನಿಂದಲೇ ಬಲ ದಾಟಿಸುವ ಭಾಗ) ಮೂಲಕ ದಾಟಿಸುವುದೂ, ಒತ್ತಡದಿಂದ ಕ್ಲಚ್ಚುಗಳನ್ನು ಹಿಡಿಯುವುದೂ, ಒಳಗಿನ ಶಾಖವನ್ನು ಹೊರಗೆ ತರುವುದೂ ಅದೇ ಎಣ್ಣೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಸಣ್ಣ ಗೇರಿನಲ್ಲಿ ಏರುವಾಗ ಕನ್ವರ್ಟರು ಲಾಕ್ ಆಗದೆ ಜಾರುತ್ತ ಎಣ್ಣೆಯನ್ನು ಕಡೆಯುತ್ತಿರುತ್ತದೆ, ಬಲದ ಒಂದು ಪಾಲು ಬಿಸಿಯಾಗಿ ಆ ಎಣ್ಣೆಗೇ ಸೇರುತ್ತದೆ. ಇಂದ್ರಾಳಿಯಿಂದ ಮಣಿಪಾಲಕ್ಕೆ ದಿನಾ ಹತ್ತುವ ಏರು ಚಿಕ್ಕದಾದರೂ ಅದರ ಪರಿಣಾಮ ಇದೇ ಜಾತಿಯದು. ಬಿಸಿಗೆ ಎಣ್ಣೆಯ ಗುಣ ಕೆಟ್ಟಂತೆ, ಹಗುರವಾಗಿ ಓಡುವಾಗ ಇಂಜಿನ್ನನ್ನು ಗೇರ್‌ಬಾಕ್ಸಿಗೆ ನೇರವಾಗಿ ಕೂಡಿಸುವ ಕನ್ವರ್ಟರಿನ ಲಾಕ್ ಕ್ಲಚ್ಚು ನಯವಾಗಿ ಕಚ್ಚುವ ಬದಲು ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುತ್ತದೆ. ನನಗೆ ಬರುತ್ತಿದ್ದ ನಡುಕದ ಲಕ್ಷಣ ಇದಕ್ಕೆ ಸರಿಯಾಗಿ ಹೊಂದುತ್ತಿತ್ತು.

ಎಣ್ಣೆಯ ಆಯ್ಕೆಯಲ್ಲಿ ರಾಜಿ ಮಾಡಿಕೊಳ್ಳಲಿಲ್ಲ. ಈ ಗೇರ್‌ಬಾಕ್ಸಿಗೆ ಹೋಂಡಾದ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಡಿಡಬ್ಲ್ಯು-1 ಬೇಕು. ಹಿಂದೆ ಇದ್ದ ಝಡ್-1ರ ಜಾಗಕ್ಕೆ ಬಂದದ್ದು ಅದು. 2014ರಲ್ಲಿ ಬಂದ ಸಿಟಿಯೂ ಹೆಸರಿಗೆ ಸಿಟಿಯೇ ಆದರೂ ಅದರ ಆಟೋಮ್ಯಾಟಿಕ್‌ನಲ್ಲಿರುವುದು ಸಿವಿಟಿ (ಬಿಡಿ ಗೇರುಗಳ ಬದಲು ಬೆಲ್ಟಿನಿಂದ ನಡೆಯುವ ಗೇರ್‌ಬಾಕ್ಸ್), ಅದಕ್ಕೆ ಬೇಕಾದದ್ದು ಎಚ್‌ಸಿಎಫ್-2 ಎಂಬ ಬೇರೆಯೇ ಎಣ್ಣೆ. ಆದ್ದರಿಂದ ಅಂಗಡಿಯಲ್ಲಿ ಕಾರಿನ ಹೆಸರನ್ನಷ್ಟೇ ಹೇಳಿ ಎಣ್ಣೆ ತರಬಾರದು. ಒಂದು ಸಲ ಅಡಿಯ ಎಣ್ಣೆ ಇಳಿಸುವ ಪ್ಲಗ್ ಬಿಚ್ಚಿದರೆ ಸುಮಾರು 2.5 ಲೀಟರ್ ಮಾತ್ರ ಕೆಳಗಿಳಿಯುತ್ತದೆ, ಉಳಿದದ್ದು ಕನ್ವರ್ಟರಿನಲ್ಲೂ ಕೊಳವೆಗಳಲ್ಲೂ ನಿಂತಿರುತ್ತದೆ. ಮೂರು ಸಲ ಇಳಿಸಿ ತುಂಬಿದರೆ ಹಳೆಯದು ಐದನೇ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. ಯಂತ್ರ ಹಾಕಿ ಒತ್ತಡದಿಂದ ಒಮ್ಮೆಲೇ ತೊಳೆಯುವ ಕ್ರಮ ನನಗೆ ಒಪ್ಪಿಗೆಯಾಗಲಿಲ್ಲ. ವರ್ಷಗಟ್ಟಲೆ ತಳದಲ್ಲಿ ಕೂತ ಕಸವನ್ನು ಎಬ್ಬಿಸಿ ವಾಲ್ವುಗಳ ಸಂದಿಗೆ ಕಳಿಸುವುದಕ್ಕಿಂತ ಮೂರು ಸಲದ ಶ್ರಮವೇ ಮೇಲು. 8 ಲೀಟರ್ ತಂದೆ.

ಬಿಚ್ಚುವ ಹಿಂದಿನ ಸಂಜೆ ಮಣಿಪಾಲದ ಒಂದು ಸಮತಟ್ಟಾದ ಪಾರ್ಕಿಂಗ್ ಜಾಗದಲ್ಲಿ ಎಣ್ಣೆಯ ಮಟ್ಟ ನೋಡಿಕೊಂಡೆ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಅದನ್ನು ನಿಲ್ಲಿಸಿ, 60ರಿಂದ 90 ಸೆಕೆಂಡುಗಳ ಒಳಗೆ ಗೇರ್‌ಬಾಕ್ಸಿನ ಅಳತೆ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಬೇಕು. ಎಣ್ಣೆ ಎರಡು ಗುರುತುಗಳ ನಡುವೆ ಇತ್ತು, ಎಂದರೆ ಎಷ್ಟು ಇಳಿಯುತ್ತದೋ ಅಷ್ಟನ್ನೇ ತುಂಬಿದರೆ ಸಾಕು.

ಮಾರನೆಯ ದಿನ ಅಂಗಳದಲ್ಲಿ ಕಾರಿನ ಮುಂಭಾಗವನ್ನು ಜಾಕಿನಿಂದ ಎತ್ತಿ ಎರಡು ಕಡೆ ಸ್ಟ್ಯಾಂಡ್ ಕೊಟ್ಟೆ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಯಾರೂ ನುಗ್ಗಬಾರದು. ಅಡಿಯಲ್ಲಿ ಎರಡು ಪ್ಲಗ್ಗುಗಳಿವೆ. ಗೇರ್‌ಬಾಕ್ಸಿನದೆಂದು ತಿಳಿದು ಇಂಜಿನ್ ಎಣ್ಣೆಯನ್ನು ಇಳಿಸಿಬಿಡುವುದು ಈ ಕೆಲಸದಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಇಂಜಿನ್ನಿನ ಪ್ಲಗ್ಗಿಗೆ ಸ್ಪ್ಯಾನರ್ ಹಿಡಿಯುವ ಆರು ಮೂಲೆಯ ತಲೆ ಇರುತ್ತದೆ, ಗೇರ್‌ಬಾಕ್ಸಿನದಕ್ಕೆ 3/8 ಇಂಚಿನ ಚೌಕ ತೂತು. ರ‍್ಯಾಚೆಟ್ಟಿನ ತುದಿಯೇ ನೇರವಾಗಿ ಅದರಲ್ಲಿ ಕೂರುತ್ತದೆ. ನಮ್ಮ ಕರಾವಳಿಯ ಗಾಳಿಗೆ ಆ ತೂತಿನಲ್ಲಿ ತುಕ್ಕೂ ಕೆಸರೂ ಗಟ್ಟಿಯಾಗಿ ಸೇರಿಕೊಂಡಿದ್ದವು. ತಂತಿ ಬ್ರಷ್ಷಿನಲ್ಲಿ ತಿಕ್ಕಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಕಾದೆ. ತೂತು ಶುದ್ಧವಾಗದೆ ರ‍್ಯಾಚೆಟ್ ಅರ್ಧವೇ ಕೂತರೆ ಚೌಕದ ಮೂಲೆಗಳು ತಿಂದುಹೋಗುತ್ತವೆ.

ಎಣ್ಣೆ ಉಗುರುಬೆಚ್ಚಗೆ, ಗಟ್ಟಿ ಚಹಾದ ಕಷಾಯದ ಬಣ್ಣದಲ್ಲಿ ಇಳಿಯಿತು. ಹೊಸದನ್ನು ಬಿಳಿ ಬಟ್ಟೆಯ ಮೇಲೆ ಒಂದು ಹನಿ ಬಿಟ್ಟು ಪಕ್ಕದಲ್ಲಿ ಇದನ್ನೂ ಬಿಟ್ಟು ನೋಡಿದೆ: ಹೊಸದು ತೆಳುಗೆಂಪಾಗಿ ಹರಡಿತು, ಹಳೆಯದು ನಡುವೆ ಕಂದು ಚುಕ್ಕೆಯನ್ನು ಉಳಿಸಿತು. ಸುಟ್ಟ ವಾಸನೆ ಇರಲಿಲ್ಲ, ಇದು ನನಗೆ ಧೈರ್ಯ ಕೊಟ್ಟಿತು. ಪ್ಲಗ್ಗಿನ ತುದಿಯ ಅಯಸ್ಕಾಂತಕ್ಕೆ ಕಾಡಿಗೆಯಂತಹ ಬೂದುಗಪ್ಪು ಲೇಪ ಅಂಟಿತ್ತು. ಬೆರಳುಗಳ ನಡುವೆ ಉಜ್ಜಿದಾಗ ಅದು ನುಣ್ಣಗಿತ್ತು. ಚೂರುಗಳು ಚುಚ್ಚಿದ್ದರೆ ನಾನು ಅಲ್ಲಿಗೇ ಕೆಲಸ ನಿಲ್ಲಿಸಿ ತಿಳಿದವರ ಹತ್ತಿರ ಹೋಗುತ್ತಿದ್ದೆ. ಹೊಸ ವಾಷರ್ ಹಾಕಿ, ಟಾರ್ಕ್ ರೆಂಚಿನಲ್ಲಿ 49 ನ್ಯೂಟನ್ ಮೀಟರಿಗೆ ಬಿಗಿದೆ. ಗೇರ್‌ಬಾಕ್ಸಿನ ಮೈ ಅಲ್ಯುಮಿನಿಯಮ್ಮಿನದು, ಅಂದಾಜಿನಲ್ಲಿ ಬಿಗಿದು ಅದರ ಮರೆ (ಥ್ರೆಡ್) ಹಾಳಾದರೆ ರಿಪೇರಿ ಬಲು ಕಷ್ಟ.

ಇಳಿದದ್ದನ್ನು ಅಳೆದಾಗ 2.4 ಲೀಟರ್ ಇತ್ತು. ಅಷ್ಟನ್ನೇ ಕಡ್ಡಿಯ ತೂತಿನಿಂದ ಸಣ್ಣ ಬಾಯಿಯ ಆಲಿಕೆ ಇಟ್ಟು ನಿಧಾನವಾಗಿ ಹುಯ್ದೆ. ಗಾಡಿ ಇಳಿಸಿ, ಇಂಜಿನ್ ಬಿಸಿ ಮಾಡಿ, ಬ್ರೇಕ್ ಒತ್ತಿ ಹಿಡಿದು ಪ್ರತಿ ಗೇರಿನಲ್ಲೂ ಕೆಲವು ಸೆಕೆಂಡು ಇರಿಸಿ, ನಿಲ್ಲಿಸಿ ನೋಡಿದರೆ ಮಟ್ಟ ಕೆಳಗಿನ ಗುರುತಿಗಿಂತಲೂ ಕೆಳಗೆ ಕಂಡಿತು. ಅಳತೆಗಿಂತ ಕಡ್ಡಿಯನ್ನು ನಂಬಿ 300 ಮಿಲಿಲೀಟರ್ ಹೆಚ್ಚಿಗೆ ಹಾಕಿದ್ದು ನನ್ನ ತಪ್ಪು. ಮಳೆಯ ನೀರು ನಿಲ್ಲಬಾರದೆಂದು ನಮ್ಮ ಕಡೆ ಅಂಗಳವನ್ನು ತೋಟದ ಬದಿಗೆ ಓರೆಯಾಗಿಯೇ ಮಾಡಿರುತ್ತೇವೆ. ಕಣ್ಣಿಗೆ ಕಾಣದ ಆ ಓರೆ ಕಡ್ಡಿಯ ಮೇಲೆ ಕಾಣಿಸಿಕೊಂಡಿತ್ತು. ಮಾರನೆಯ ದಿನ ಮಣಿಪಾಲದ ಅದೇ ಜಾಗದಲ್ಲಿ ನೋಡಿದಾಗ ಎಣ್ಣೆ ಮೇಲಿನ ಗುರುತನ್ನು ದಾಟಿತ್ತು. ಹೆಚ್ಚಾದ ಎಣ್ಣೆಯನ್ನು ತಿರುಗುವ ಗೇರುಗಳು ಕಡೆದು ನೊರೆ ಎಬ್ಬಿಸುತ್ತವೆ, ನೊರೆಯಲ್ಲಿ ಒತ್ತಡ ನಿಲ್ಲುವುದಿಲ್ಲ, ಒತ್ತಡವಿಲ್ಲದೆ ಕ್ಲಚ್ಚು ಜಾರುತ್ತದೆ. ಆದ್ದರಿಂದ ಹೆಚ್ಚಾದದ್ದನ್ನು ಹಾಗೆಯೇ ಬಿಡುವಂತಿರಲಿಲ್ಲ. ಮೆಡಿಕಲ್ ಅಂಗಡಿಯಿಂದ 50 ಮಿಲಿಲೀಟರಿನ ಸಿರಿಂಜು ತಂದು, ಅದಕ್ಕೆ ತೆಳುವಾದ ಕೊಳವೆ ಸಿಕ್ಕಿಸಿ, ಕಡ್ಡಿಯ ತೂತಿನಿಂದ ಆರು ಸಲ ಎಳೆದು ತೆಗೆದೆ. ಮತ್ತೆ ನೋಡಿದಾಗ ಮಟ್ಟ ಮೊದಲಿನ ಜಾಗಕ್ಕೇ ಬಂದಿತ್ತು.

ಎರಡನೆಯ ಮತ್ತು ಮೂರನೆಯ ಸಲ ಸುಮಾರು 300 ಕಿಲೋಮೀಟರ್ ಓಡಿಸಿ ಓಡಿಸಿ ಮಾಡಿದೆ. ಅಂಗಳದಲ್ಲಿ ಅಳತೆಯನ್ನಷ್ಟೇ ನಂಬಿದೆ, ಕಡ್ಡಿಯನ್ನು ಮಣಿಪಾಲದಲ್ಲಿ ಮಾತ್ರ ಎಳೆದೆ. ಹೆದ್ದಾರಿಯ ನಡುಕ ಎರಡನೆಯದರ ನಂತರವೇ ಅಪರೂಪವಾಗಿ, ಮೂರನೆಯದರ ಮೇಲೆ ನಿಂತಿತು. ನಡುಕಕ್ಕೆ ಸವೆದ ಕ್ಲಚ್ಚೇ ಕಾರಣವಾಗಿದ್ದರೆ ಎಣ್ಣೆ ಬದಲಿಸಿ ಪ್ರಯೋಜನವಿರುತ್ತಿರಲಿಲ್ಲ. ನಾನು ತಡಮಾಡಿರಲಿಲ್ಲ ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ಇನ್ನು ಮುಂದೆ 30,000 ಕಿಲೋಮೀಟರಿಗೆ ಒಂದು ಸಲ ಇಳಿಸಿ ತುಂಬುವುದೆಂದು ನಿರ್ಧರಿಸಿದ್ದೇನೆ.

ಹಳೆಯ ಎಣ್ಣೆಯನ್ನು ಒಂದು ಹನಿಯೂ ಅಂಗಳಕ್ಕೆ ಬೀಳಗೊಡಲಿಲ್ಲ. ನಮ್ಮ ಮುರಕಲ್ಲಿನ ನೆಲ ನೀರನ್ನು ಹೀರುವ ಹಾಗೆಯೇ ಎಣ್ಣೆಯನ್ನೂ ಹೀರುತ್ತದೆ, ಬಾವಿ ಇರುವುದು ಕಾರು ನಿಲ್ಲಿಸುವ ಜಾಗದಿಂದ ಇಪ್ಪತ್ತು ಹೆಜ್ಜೆಗೆ. ಬಳಸಿದ ಎಣ್ಣೆಯನ್ನು ಸಂಗ್ರಹಿಸಿ ಮರುಸಂಸ್ಕರಣೆಗೆ ಕಳಿಸುವ ಒಂದು ಸರ್ವಿಸ್ ಸ್ಟೇಷನ್ನಿಗೆ ಅದನ್ನು ಬಾಟಲಿಗಳಲ್ಲಿ ತುಂಬಿ ಕೊಟ್ಟು ಬಂದೆ.