ಕೂದಲೆಳೆ ಚೀಟಿ: ವಿಶ್ವವಿದ್ಯಾಲಯದ ಸುರಕ್ಷತೆಗೆ ಕೆಲಸಗಾರರನ್ನೇ ಕರೆತಂದ ಬಗೆ

ಅಪಾಯ ಕಂಡ ಯಾವ ಕೆಲಸಗಾರರಾದರೂ ವರದಿ ಕೊಡಲಿ ಎಂದು ನಮ್ಮ ವಿಶ್ವವಿದ್ಯಾಲಯದಲ್ಲಿ ವ್ಯವಸ್ಥೆ ಮಾಡಲು ಹೊರಟಾಗ, "ಇದು ದೂರಿನ ಪೆಟ್ಟಿಗೆ ಆಗುತ್ತೆ, ಮೂರು ತಿಂಗಳಲ್ಲಿ ಮುಚ್ಚಿಹೋಗುತ್ತೆ" ಎಂದು ಸುರಕ್ಷತಾ ಸಮಿತಿಯಲ್ಲೇ ಅರ್ಧ ಜನ ಹೇಳಿದ್ದರು. ಈಗ ಮೂರನೇ ವರ್ಷ ನಡೆಯುತ್ತಿದೆ. ತಿಂಗಳಿಗೆ ಎರಡೋ ಮೂರೋ ವರದಿ ಬರುತ್ತಿದ್ದ ಕಡೆ ಮೂವತ್ತರ ಆಸುಪಾಸು ಬರುತ್ತವೆ. ಹತ್ತರಲ್ಲಿ ಏಳು ಮೂರು ದಿನದೊಳಗೆ ಸರಿಯಾಗುತ್ತವೆ. ಲೆಕ್ಕ ನೆನಪಿನಿಂದ ಹೇಳುತ್ತಿರುವುದು, ಒಂದೆರಡು ಆಚೀಚೆ ಇದ್ದೀತು. ಸಮಿತಿ ರಚನೆ, ಅಪಾಯದ ಮೌಲ್ಯಮಾಪನ ಇವೆಲ್ಲ ಈ ಕೆಲಸದಲ್ಲಿರುವವರಿಗೆ ಗೊತ್ತಿರುವುದೇ. ಯಾವುದು ಕೈಕೊಟ್ಟಿತು, ದುಡ್ಡು ಎಲ್ಲಿ ಹೋಯಿತು, ಕೊನೆಗೆ ಯಾವುದು ನಿಂತಿತು ಎಂಬುದನ್ನಷ್ಟೇ ಬರೆಯುತ್ತೇನೆ.

ಮೊದಲು ಸೋತದ್ದು ಆನ್‌ಲೈನ್ ಫಾರಂ. ಇಪ್ಪತ್ತಕ್ಕೂ ಹೆಚ್ಚು ಖಾನೆ, ತೆರೆಯಲು ಲಾಗಿನ್ ಬೇರೆ. ಗುತ್ತಿಗೆಯ ಮೇಲೆ ಬಂದ ಸ್ವಚ್ಛತಾ ಸಿಬ್ಬಂದಿಗೆ, ಕಾವಲುಗಾರರಿಗೆ ವಿಶ್ವವಿದ್ಯಾಲಯದ ಇಮೇಲೇ ಇರುವುದಿಲ್ಲ. ಕಟ್ಟಡದ ಪ್ರತಿ ಕೋಣೆಗೂ ದಿನಾ ಕಾಲಿಡುವವರೇ ಹೀಗೆ ಹೊರಗುಳಿದರು. ಫಾರಂ ತುಂಬಿದವರು ಹೆಚ್ಚಾಗಿ ಕಚೇರಿಯವರು, ಬರೆದದ್ದು ಹೆಚ್ಚಾಗಿ ಕುರ್ಚಿಯ ಬಗ್ಗೆ. ಕುರ್ಚಿ ಮುಖ್ಯವಲ್ಲ ಎಂದಲ್ಲ. ಆದರೆ ಅದೇ ಹೊತ್ತಿಗೆ ಮೇಲಿನ ಮಹಡಿಯಲ್ಲಿ ಬೀಳದಂತೆ ಕಟ್ಟುವ ಸರಪಳಿಯಿಲ್ಲದ ಅನಿಲದ ಸಿಲಿಂಡರ್ ಗೋಡೆಗೆ ಒರಗಿ ನಿಂತಿತ್ತು.

ಎರಡನೆಯದು ಬಹುಮಾನ. ವರ್ಷವಿಡೀ ಅಪಘಾತವಿಲ್ಲದ ವಿಭಾಗಕ್ಕೆ ಫಲಕ ಕೊಡುತ್ತೇವೆ ಎಂದ ಕೂಡಲೇ ಕಾಗದದ ಮೇಲೆ ಅಪಘಾತಗಳು ನಿಂತವು, ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಸುಟ್ಟಗಾಯದ ಮುಲಾಮು ಮಾತ್ರ ಮೊದಲಿನಷ್ಟೇ ಬೇಗ ಖಾಲಿಯಾಗುತ್ತಿತ್ತು. ಬಿಸಿ ಆವಿಯಿಂದ ಸಲಕರಣೆ ಶುದ್ಧಮಾಡುವ ಆಟೋಕ್ಲೇವ್ ಬಾಗಿಲು ಬೇಗ ತೆಗೆದು ಆವಿಗೆ ಮೊಣಕೈ ಸುಟ್ಟುಕೊಂಡವರು ಫಲಕ ತಪ್ಪಿಸಿದ ಅಪವಾದ ಯಾಕೆ ಎಂದು ಸುಮ್ಮನಿದ್ದರು. ಆಗಿನಿಂದ ಪೆಟ್ಟಿಗೆಗೆ ಏನೇನು ಮರುಭರ್ತಿಯಾಯಿತು ಎಂಬ ಪಟ್ಟಿಯನ್ನು ಅಪಘಾತದ ವರದಿಯ ಪಕ್ಕದಲ್ಲಿಟ್ಟು ಓದುತ್ತೇವೆ. ಎರಡೂ ತಾಳೆಯಾಗದ ವಿಭಾಗಕ್ಕೆ ಮೊದಲು ಹೋಗಬೇಕು. ಬಹುಮಾನವನ್ನು ತಿರುಗಿಸಿ, ಹೆಚ್ಚು ವರದಿ ಕೊಟ್ಟವರಿಗೆ ಕೊಟ್ಟೂ ನೋಡಿದೆವು. ಒಂದೇ ಬಲ್ಬು ಕೆಟ್ಟದ್ದಕ್ಕೆ ಹನ್ನೊಂದು ವರದಿ ಬಂತು. ಬಹುಮಾನದ ಗೊಡವೆಯನ್ನೇ ಬಿಟ್ಟೆವು.

ಮೊದಲ ವರ್ಷದ ಹಣದಲ್ಲಿ ಹತ್ತಿರ ಹತ್ತಿರ ಅರ್ಧ ಸುರಕ್ಷತಾ ಸಪ್ತಾಹಕ್ಕೆ ಹೋಯಿತು: ಭಿತ್ತಿಪತ್ರ, ಹೊರಗಿನ ಭಾಷಣಕಾರರು, ಸಭಾಂಗಣ. ಅದರಿಂದ ಒಂದೇ ಒಂದು ಸರಪಳಿ ಗೋಡೆಗೆ ಬೀಳಲಿಲ್ಲ. ಅಷ್ಟು ದುಡ್ಡಿಗೆ ಏನೆಲ್ಲ ಆಗುತ್ತಿತ್ತು ಎಂಬುದು ಎರಡನೇ ವರ್ಷ ಗೊತ್ತಾಯಿತು.

ಕೆಲಸ ಮಾಡಿದ್ದು ಅಂಗೈ ಅಗಲದ ಒಂದು ಚೀಟಿ. ಅಪಘಾತ ಆಗಿಲ್ಲ, ಆಗುವುದರಲ್ಲಿತ್ತು ಎನ್ನುವಂಥದ್ದನ್ನು ಬರೆಯಲು. ಅದಕ್ಕೆ ಕೂದಲೆಳೆ ಚೀಟಿ ಎಂದೇ ಹೆಸರಿಟ್ಟೆವು. ಮೂರೇ ಪ್ರಶ್ನೆ: ಎಲ್ಲಿ? ಏನು ಕಂಡಿತು? ಏನು ಮಾಡಿದರೆ ಸರಿಹೋಗುತ್ತೆ? ಮೂರನೆಯದರಲ್ಲೇ ಜೀವವಿರುವುದು. ಅದನ್ನು ಕೇಳದಿದ್ದರೆ ಬರುವುದು ದೂರು. ಕೇಳಿದರೆ ಅರ್ಧ ಪರಿಹಾರ ಚೀಟಿಯ ಜೊತೆಗೇ ಬರುತ್ತದೆ. ಹೆಸರಿಗೆ ಖಾನೆಯೇ ಇಲ್ಲ. ಚೀಟಿಗೆ ಎರಡು ಭಾಗ, ಎರಡರ ಮೇಲೂ ಒಂದೇ ಸಂಖ್ಯೆ. ಮೇಲಿನದು ಪೆಟ್ಟಿಗೆಗೆ, ಕೆಳಗಿನದು ಬರೆದವರ ಜೇಬಿಗೆ. ಉತ್ತರ ಆ ಸಂಖ್ಯೆಯ ಎದುರು ಕಟ್ಟಡದ ಸೂಚನಾ ಫಲಕದಲ್ಲಿ ಬರುತ್ತದೆ. ಬರೆದವರು ಯಾರೆಂದು ಮೇಲ್ವಿಚಾರಕರಿಗೆ ತಿಳಿಯುವುದಿಲ್ಲ, ಏನಾಯಿತೆಂದು ಬರೆದವರಿಗೆ ತಿಳಿಯುತ್ತದೆ. ಬರೆಯಲು ಬಾರದವರಿಗೆ ಧ್ವನಿ ಸಂದೇಶ ಕಳಿಸಲು ಒಂದು ಫೋನ್ ಸಂಖ್ಯೆ ಇಟ್ಟೆವು. ಅದರಲ್ಲಿ ಮಾತ್ರ ಗುಟ್ಟು ಪೂರ್ತಿ ಉಳಿಯದು. ಅದನ್ನು ಮೊದಲೇ ಹೇಳಿಬಿಡಬೇಕು.

ಮೂರು ದಿನದೊಳಗೆ ಫಲಕದ ಮೇಲೆ ಏನಾದರೊಂದು ಬರಲೇಬೇಕು: ಸರಿಮಾಡಿದ್ದೇವೆ, ಇಂಥ ದಿನ ಮಾಡುತ್ತೇವೆ, ಇಲ್ಲವೇ ಇಂಥ ಕಾರಣಕ್ಕೆ ಆಗುವುದಿಲ್ಲ. ಆಗುವುದಿಲ್ಲ ಎಂದರೆ ಜನ ಬೇಸರಪಟ್ಟುಕೊಂಡರೂ ಮತ್ತೆ ಬರೆಯುತ್ತಾರೆ. ಉತ್ತರವೇ ಇಲ್ಲವೆಂದರೆ ಬರೆಯುವುದಿಲ್ಲ. ಒಮ್ಮೆ ಪರೀಕ್ಷೆಗಳ ಸಮಯದಲ್ಲಿ ಎರಡು ವಾರ ಫಲಕ ಖಾಲಿ ಬಿಟ್ಟೆವು. ಚೀಟಿಗಳು ಮೊದಲಿನ ಮಟ್ಟಕ್ಕೆ ಬರಲು ನಾಲ್ಕು ತಿಂಗಳು ಹಿಡಿಯಿತು.

ಕೂದಲೆಳೆಯಲ್ಲಿ ತಪ್ಪಿದ್ದಕ್ಕೆ ಇಷ್ಟು ಒದ್ದಾಟ ಬೇಕೇ ಎಂದವರಿಗೆ ಎರಡು ಘಟನೆ ಹೇಳುತ್ತೇವೆ. 2010ರ ಜನವರಿಯಲ್ಲಿ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ನಿಕಲ್ ಹೈಡ್ರಜೀನ್ ಪರ್ಕ್ಲೋರೇಟ್ ಎಂಬ ಸ್ಫೋಟಕ ರಾಸಾಯನಿಕ ಸಿಡಿದು ವಿದ್ಯಾರ್ಥಿಯೊಬ್ಬ ಮೂರು ಬೆರಳು ಕಳೆದುಕೊಂಡ. 100 ಮಿಲಿಗ್ರಾಂ ಮೀರಬಾರದು ಎಂಬುದು ಬಾಯಿಮಾತಿನಲ್ಲಿತ್ತು, ತಯಾರಾದದ್ದು ಸುಮಾರು 10 ಗ್ರಾಂ. ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ ತನಿಖೆ ಮಾಡಿದಾಗ, ಹಿಂದೆ ಆಗಿದ್ದ ಸಣ್ಣ ಘಟನೆಗಳ ಪಾಠ ದಾಖಲಾಗಿ ಎಲ್ಲರಿಗೂ ತಲುಪಿರಲಿಲ್ಲ ಎಂದು ಗೊತ್ತಾಯಿತು. 2016ರ ಮಾರ್ಚ್‌ನಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ಹೈಡ್ರೋಜನ್, ಆಕ್ಸಿಜನ್ ತುಂಬಿದ ಟ್ಯಾಂಕ್ ಸ್ಫೋಟಿಸಿ ಸಂಶೋಧಕಿಯೊಬ್ಬರ ತೋಳು ಹೋಯಿತು. ಹಿಂದಿನ ದಿನವೇ ಅಂಥದೇ ಚಿಕ್ಕ ಸಲಕರಣೆಯೊಳಗೆ ಸಣ್ಣದೊಂದು ಸಿಡಿತ ಆಗಿತ್ತು. ಆ ಸಿಡಿತಕ್ಕೆ ಒಂದು ಚೀಟಿ ಸಾಕಿತ್ತು.

ಈಗ ದುಡ್ಡಿನ ಮಾತು. ವಾರ್ಷಿಕ ಸುರಕ್ಷತಾ ಹಣದ ಹತ್ತನೇ ಒಂದು ಪಾಲನ್ನು ಸಣ್ಣ ದುರಸ್ತಿ ನಿಧಿ ಎಂದು ಬೇರೆ ತೆಗೆದೆವು. ಕಟ್ಟಡಕ್ಕೊಬ್ಬ ಸುರಕ್ಷತಾ ಪ್ರತಿನಿಧಿ. ಅವರ ಒಂದು ಸಹಿಗೆ ಖರೀದಿ ಆಗಬೇಕು, ಮೂರು ಕೊಟೇಶನ್ ಇಲ್ಲ, ಕಡತ ಮೇಲಕ್ಕೆ ಹೋಗುವುದಿಲ್ಲ. ಲೆಕ್ಕಪತ್ರ ವಿಭಾಗ ಇದಕ್ಕೆ ಏಳು ತಿಂಗಳು ಒಪ್ಪಲಿಲ್ಲ. ಒಪ್ಪಿಸಿದ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ, ಒಂದು ಹಳೆಯ ಪರಿಹಾರಧನದ ಕಡತ ಅದರಲ್ಲಿತ್ತು ಎಂದಷ್ಟೇ ಹೇಳಬಲ್ಲೆ. ಮೊದಲ ವರ್ಷ ನಿಧಿ ಪೂರ್ತಿ ಖರ್ಚಾಗಲೂ ಇಲ್ಲ. ಸರಪಳಿ, ಗೋಡೆಯ ಕೊಂಡಿ, ಜಾರದ ಚಾಪೆ, ಚಕ್ರದ ಬಿನ್ನು, ಕೈದೀಪ: ಹೆಚ್ಚಿನವು ಇಷ್ಟೇ.

ಇನ್ನೊಂದು ಖರ್ಚನ್ನು ಮರೆತು ಪೆಟ್ಟು ತಿಂದೆವು. ಗುತ್ತಿಗೆಯ ಕೆಲಸಗಾರರು ಮಹಡಿ ಸುತ್ತಿ ನೋಡುವ ತಪಾಸಣೆಗೆ ಬಂದ ಗಂಟೆಯ ಕೂಲಿ ಕಡಿತವಾಗಿತ್ತು. ಮರುತಿಂಗಳು ಒಬ್ಬರೂ ಬರಲಿಲ್ಲ, ಬರದಿರುವುದೇ ನ್ಯಾಯ. ಈಗ ಗುತ್ತಿಗೆ ಕರಾರಿನಲ್ಲೇ ಒಂದು ಸಾಲು ಇದೆ: ಸುರಕ್ಷತಾ ತಪಾಸಣೆಯ, ಸಭೆಯ ಸಮಯ ಕೂಲಿಯ ಸಮಯ. ಟೆಂಡರ್ ಕರೆಯುವ ಮೊದಲೇ ಇದನ್ನು ಸೇರಿಸಿ. ಆಮೇಲೆ ಸೇರಿಸಲು ಹೋದರೆ ಗುತ್ತಿಗೆದಾರರು ಹೆಚ್ಚುವರಿ ಹಣ ಕೇಳುತ್ತಾರೆ.

ತಪಾಸಣೆ ಎಂದರೆ ನಲವತ್ತೈದು ನಿಮಿಷ, ಒಂದು ಮಹಡಿ, ನಾಲ್ಕು ಜನ: ಸ್ವಚ್ಛತಾ ಸಿಬ್ಬಂದಿ ಒಬ್ಬರು, ಲ್ಯಾಬ್ ಅಟೆಂಡರ್ ಒಬ್ಬರು, ಸಂಶೋಧನಾ ವಿದ್ಯಾರ್ಥಿ ಒಬ್ಬರು, ಡ್ರಿಲ್ ಹಿಡಿದ ಎಲೆಕ್ಟ್ರಿಷಿಯನ್ ಒಬ್ಬರು. ವಿಭಾಗ ಮುಖ್ಯಸ್ಥರು ಬರುವುದಾದರೆ ಕೊನೆಯ ಹತ್ತು ನಿಮಿಷ ಬರಲಿ. ಅವರು ಮೊದಲಿನಿಂದ ಇದ್ದರೆ ಉಳಿದ ನಾಲ್ವರ ಬಾಯಿ ಕಟ್ಟುತ್ತದೆ. ಮೊದಲು ಮಾತಾಡಬೇಕಾದವರು ಕಸ ಎತ್ತುವವರು, ತಪಾಸಣೆ ಶುರುವಾಗುವುದೂ ಕಸದ ಕೋಣೆಯಿಂದಲೇ.

ಅಲ್ಲಿ ಕಂಡದ್ದನ್ನು ಹತ್ತಿರದಿಂದ ಹೇಳಬೇಕು. ಚೀಲದ ಬಾಯಿ ಕಟ್ಟುವ ಮೊದಲು ಗಾಳಿ ಹೋಗಲಿ ಎಂದು ಅಂಗೈಯಿಂದ ಒತ್ತುತ್ತಾರೆ, ಎತ್ತಿದ ಮೇಲೆ ಚೀಲ ತೊಡೆಗೆ ತಾಗುತ್ತಾ ಬರುತ್ತದೆ. ಒಳಗೆ ಸೂಜಿಯೋ ಒಡೆದ ಪಿಪೆಟ್ಟೋ (ದ್ರವ ಅಳೆಯುವ ಗಾಜಿನ ಕೊಳವೆ) ಇದ್ದರೆ ಚುಚ್ಚುವುದು ಈ ಎರಡೇ ಜಾಗಕ್ಕೆ. ಕೈಗವಸು ಕೊಡಿ ಎಂದು ಸಮಿತಿ ಬರೆದಿತ್ತು. ಮಾಮೂಲಿ ರಬ್ಬರ್ ಕೈಗವಸು ಸೂಜಿಯನ್ನು ತಡೆಯುವುದಿಲ್ಲ, ತೊಡೆಗಂತೂ ಕೈಗವಸಿಲ್ಲ. ಪರಿಹಾರ ಬಂದದ್ದು ಚೀಲ ಎತ್ತುವವರಿಂದ: ಚೀಲ ಮೂರನೇ ಎರಡರಷ್ಟು ತುಂಬಿದಾಗಲೇ ಕಟ್ಟುವುದು, ಒತ್ತದಿರುವುದು, ಹೊರುವ ಬದಲು ಚಕ್ರದ ಬಿನ್ನಿನಲ್ಲಿ ಒಯ್ಯುವುದು. ಸೂಜಿಗೆ ಗಟ್ಟಿ ಡಬ್ಬಿ, ಮುಕ್ಕಾಲು ಗೆರೆ ಮುಟ್ಟಿದರೆ ಮುಚ್ಚಳ. ಒಡೆದ ಗಾಜಿಗೆ ದಪ್ಪ ರಟ್ಟಿನ ಪೆಟ್ಟಿಗೆ. ಡಬ್ಬಿ ಕೋಣೆಯ ಬಾಗಿಲಲ್ಲಿದ್ದರೆ ಸೂಜಿ ಮತ್ತೆ ಚೀಲಕ್ಕೇ ಹೋಗುತ್ತದೆ. ಕೆಲಸದ ಮೇಜಿನಿಂದ ಕೈಯಳತೆಯಲ್ಲೇ ಇರಬೇಕು.

ಐವಾಶ್‌ನದು ಇನ್ನೊಂದು ಪಾಠ. ರಾಸಾಯನಿಕ ಸಿಡಿದಾಗ ಕಣ್ಣು ತೊಳೆಯುವ ನಲ್ಲಿ ಅದು. ವಾರಕ್ಕೊಮ್ಮೆ ನೀರು ಬಿಟ್ಟು ನೋಡಬೇಕೆಂಬ ನಿಯಮವಿದ್ದೂ ಯಾರೂ ಬಿಡುತ್ತಿರಲಿಲ್ಲ. ಸೋಮಾರಿತನ ಎಂದು ಸಮಿತಿ ನೋಟಿಸ್ ಕೊಟ್ಟಿತ್ತು. ಅಟೆಂಡರ್ ಒಬ್ಬರ ಚೀಟಿಯಲ್ಲಿ ಒಂದೇ ಸಾಲು: "ಕೆಳಗೆ ನೀರು ಹೋಗಲು ಕಿಂಡಿ ಇಲ್ಲ." ಬಿಟ್ಟರೆ ನೆಲವೆಲ್ಲ ನೀರು, ಒರೆಸಬೇಕಾದವರು ಬೇರೆ ಯಾರೋ, ಅದಕ್ಕೇ ಎಲ್ಲರೂ ಕೈಬಿಟ್ಟಿದ್ದರು. ಕಣ್ಣಿನ ಐವಾಶ್‌ಗೆ ನಿಮಿಷಕ್ಕೆ ಕನಿಷ್ಠ 1.5 ಲೀಟರ್, ಕಣ್ಣು ತೊಳೆಯಬೇಕಾದ ಹದಿನೈದು ನಿಮಿಷಕ್ಕೆ ಇಪ್ಪತ್ತೆರಡೂವರೆ ಲೀಟರ್. ವಾರದ ಪರೀಕ್ಷೆಗೆ ತುಕ್ಕುನೀರು ಹೋಗಿ ತಿಳಿನೀರು ಬರುವವರೆಗೆ ಬಿಟ್ಟರೆ ಆಯಿತು, ಇಪ್ಪತ್ತು ಲೀಟರ್ ಬಕೆಟ್ ಸಾಕು. ಮೈತೊಳೆಯುವ ಶವರ್‌ಗೆ ಬಕೆಟ್ ಸಾಲದು, ನಿಮಿಷಕ್ಕೆ 75 ಲೀಟರ್ ಸುರಿಯುತ್ತದೆ. ಪ್ಲಾಸ್ಟಿಕ್ ಹಾಳೆಯಿಂದ ಅಂಗಿಯ ತೋಳಿನಂಥ ಕೊಳವೆ ಹೊಲಿಸಿ ಶವರ್ ತಲೆಗೆ ಕಟ್ಟಿದೆವು, ಕೆಳಗೆ ಚಕ್ರದ ಮೇಲೆ ನೂರು ಲೀಟರ್ ಪೀಪಾಯಿ. ಮಹಡಿಯಿಂದ ಮಹಡಿಗೆ ಅದೇ ಸೆಟ್ಟು ಓಡಾಡುತ್ತದೆ. ತೋಳಿನ ಹೊಲಿಗೆ ಎಲ್ಲಿ ಬರಬೇಕೆಂಬುದನ್ನು ನಾವು ಮೂರು ಸಲ ಕೆಡಿಸಿ ಕಲಿತೆವು, ನೀವೂ ಒಂದು ಸಲ ಕೆಡಿಸಿಯೇ ಕಲಿಯಿರಿ.

ದ್ರವ ಸಾರಜನಕವನ್ನು ಲಿಫ್ಟಿನಲ್ಲಿ ಒಯ್ಯುವಾಗ ಅಟೆಂಡರ್ ಜೊತೆಯಲ್ಲೇ ನಿಂತು ಹೋಗುತ್ತಿದ್ದರು. ಜನ ಇರಬಾರದು ಎಂದು ಫಲಕವೂ ಇತ್ತು. ಮೇಲಿನ ಮಹಡಿಯಲ್ಲಿ ಪಾತ್ರೆ ಇಳಿಸಿಕೊಳ್ಳಲು ಯಾರೂ ಇಲ್ಲದಿದ್ದರೆ ಅವರು ಇನ್ನೇನು ಮಾಡಬೇಕು? ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ. ಸಾಧಾರಣ ಲಿಫ್ಟಿನೊಳಗೆ ಹಿಡಿಸುವ ಗಾಳಿಯೇ ಐದು ಸಾವಿರ ಲೀಟರಿನಷ್ಟು. 25 ಲೀಟರ್ ಪಾತ್ರೆ ಮಗುಚಿದರೆ ಉಸಿರಾಡಲು ಆಮ್ಲಜನಕ ಉಳಿಯುವುದಿಲ್ಲ. ಈಗ ಸಾಗಣೆಗೆ ವಾರದಲ್ಲಿ ಎರಡು ನಿಗದಿತ ಹೊತ್ತು, ಕೆಳಗೊಬ್ಬರು ಮೇಲೊಬ್ಬರು, ಲಿಫ್ಟಿನ ಬಾಗಿಲಿಗೆ ಅಡ್ಡ ಸರಪಳಿ, ನಡುವಿನ ಮಹಡಿಗಳಲ್ಲಿ ನಿಲ್ಲದಂತೆ ಕೀಲಿ. ಖರ್ಚಾದದ್ದು ಕೀಲಿಗೆ ಮಾತ್ರ.

ನಡುನಡುವೆ ಪ್ರಯೋಗಗಳೂ ನಡೆದವು. ನೇರಳಾತೀತ ಬೆಳಕಿಗೆ ಹೊಳೆಯುವ ಪುಡಿಯನ್ನು ಒಂದು ಫ್ಲಾಸ್ಕಿನ ಹೊರಮೈಗೆ ಸವರಿ ಒಂದು ಗಂಟೆ ಮಾಮೂಲಿ ಕೆಲಸ ನಡೆಯಲು ಬಿಟ್ಟೆವು. ಆಮೇಲೆ ದೀಪ ಹಿಡಿದರೆ ಬಾಗಿಲ ಹಿಡಿ, ಕೀಬೋರ್ಡು, ಲಿಫ್ಟಿನ ಗುಂಡಿ, ಒಬ್ಬರ ಕನ್ನಡಕದ ಕಡ್ಡಿ ಎಲ್ಲ ಹೊಳೆಯುತ್ತಿದ್ದವು. ಕೈಗವಸು ಹಾಕಿಕೊಂಡು ಬಾಗಿಲು ಮುಟ್ಟಬೇಡಿ ಎಂದು ಹೇಳುವ ಅಗತ್ಯವೇ ಆ ಕೋಣೆಯಲ್ಲಿ ಮತ್ತೆ ಬರಲಿಲ್ಲ. ವಿಷಗಾಳಿಯನ್ನು ಹೊರಗೆಳೆಯುವ ಗೂಡಿನ, ಅಂದರೆ ಫ್ಯೂಮ್ ಹುಡ್ಡಿನ, ಗಾಜಿನ ಕೆಳಅಂಚಿಗೆ ಟಿಶ್ಯೂ ಕಾಗದದ ಪಟ್ಟಿ ಅಂಟಿಸಿ, ಅದು ಒಳಕ್ಕೆ ಬಾಗುತ್ತದೆಯೇ ಎಂದು ಸೋಮವಾರ ನೋಡುವ ಕೆಲಸ ಅಟೆಂಡರುಗಳದು. ಒಳಹೋಗುವ ಗಾಳಿಯ ವೇಗ ಸೆಕೆಂಡಿಗೆ ಅರ್ಧ ಮೀಟರ್ ಇದೆಯೇ ಎಂಬ ಅಸಲಿ ಅಳತೆಗೆ ಇದು ಬದಲಿಯಲ್ಲ, ಆದರೂ ವಾರ್ಷಿಕ ಅಳತೆಗೆ ಕಾಯದೆ ಎರಡು ಸತ್ತ ಹುಡ್ಡುಗಳನ್ನು ಹಿಡಿದುಕೊಟ್ಟಿತು. ಡೆಸಿಬೆಲ್ ಅಳೆಯುವ ಫೋನ್ ಆ್ಯಪ್ ಮಾತ್ರ ಕೈಕೊಟ್ಟಿತು: ಒಂದೇ ಯಂತ್ರದ ಮುಂದೆ ಮೂರು ಫೋನು ಮೂರು ಅಂಕಿ ತೋರಿಸಿದವು.

ಸಮಿತಿಯಲ್ಲಿ ಈಗ ಅರ್ಧಕ್ಕಿಂತ ಒಬ್ಬರು ಹೆಚ್ಚು ಮೇಲ್ವಿಚಾರಕರಲ್ಲದವರು, ಆರಿಸುವುದು ಸಹೋದ್ಯೋಗಿಗಳೇ. ಮುಖ್ಯಸ್ಥರು ನೇಮಿಸಿದ ಪ್ರತಿನಿಧಿಗೆ ಯಾರೂ ಬಾಯಿ ಬಿಡುವುದಿಲ್ಲ. ಯಾರಾದರೂ ಆಕ್ಷೇಪಿಸಿದರೆ 2018ರ ಐಎಸ್‌ಒ 45001ರ (ಕೆಲಸದ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ) 5.4ನೇ ಖಂಡ ತೋರಿಸಿ. ವ್ಯವಸ್ಥಾಪಕರಲ್ಲದ ಕೆಲಸಗಾರರ ಜೊತೆ ಸಮಾಲೋಚಿಸಲೇಬೇಕೆಂದು ಅದರಲ್ಲೇ ಇದೆ. ಹಿರಿಯ ಪ್ರಾಧ್ಯಾಪಕರೊಬ್ಬರು ವರ್ಷವಿಡೀ ತಮ್ಮ ಲ್ಯಾಬಿಗೆ ತಪಾಸಣೆ ಬಿಡಲಿಲ್ಲ. ಅವರ ತ್ಯಾಜ್ಯದ ಬಾಟಲಿಯೊಂದರಲ್ಲಿ ನೈಟ್ರಿಕ್ ಆಮ್ಲ ತೊಳೆದ ನೀರೂ ಆಲ್ಕೋಹಾಲೂ ಸೇರಿ, ಬಿರಡೆ ಉಬ್ಬಿ, ರಾತ್ರಿ ಪಾಳಿಯ ಕಾವಲುಗಾರರು ಬುಸ್ಸೆಂಬ ಸದ್ದು ಕೇಳಿ ಕೋಣೆಯ ಬಾಗಿಲು ತೆರೆಯದೆ ಮಹಡಿ ಖಾಲಿ ಮಾಡಿಸಿ ಫೋನ್ ಮಾಡಿದರು. ತೆರೆಯಬಾರದು ಎಂಬುದು ಅವರಿಗೆ ಗೊತ್ತಿದ್ದದ್ದು ಆ ತಿಂಗಳ ಫಲಕದ ಮೇಲಿನ ಉತ್ತರ ಓದಿ. ಆ ಲ್ಯಾಬಿನ ಆಮ್ಲಕ್ಕೆ, ದ್ರಾವಕಕ್ಕೆ ಈಗ ಬೇರೆ ಬೇರೆ ಟ್ರೇ, ಅನಿಲ ಹೊರಹೋಗುವ ಬಿರಡೆ, ಮೊದಲ ಹನಿ ಬೀಳುವ ಮೊದಲೇ ಲೇಬಲ್. ತಪಾಸಣೆಗೆ ಅವರೇ ದಿನ ಕೊಡುತ್ತಾರೆ.

ರಾತ್ರಿ ಹತ್ತೂವರೆಯ ತಪಾಸಣೆ ಈ ತಿಂಗಳಿನಿಂದ ಶುರುವಾಗಿದೆ, ಮುಂದೆ ನಡೆಯುವವರು ಕಾವಲುಗಾರರು. ಹಗಲು ತಪಾಸಣೆಯಲ್ಲಿ ಕಾಣದಿದ್ದ ಎರಡು ಮೊದಲ ರಾತ್ರಿಯೇ ಸಿಕ್ಕವು: ಒಳಗಿನಿಂದ ಬೀಗ ಹಾಕಿಕೊಂಡು ಒಬ್ಬಂಟಿ ಕೆಲಸ ಮಾಡುವ ಕೋಣೆ, ಮತ್ತು ತುರ್ತು ಬಾಗಿಲ ಹಿಡಿಗೆ ಸುತ್ತಿದ್ದ ಸೈಕಲ್ ಚೈನು.