ನಿದ್ದೆ ಹೋಗದ ಬಳ್ಳಿ

ನಮ್ಮ ಊರುಗಳಲ್ಲಿ 'ವೈನ್ಸ್' ಎಂದು ಫಲಕ ಹಾಕಿದ ಅಂಗಡಿಯಲ್ಲಿ ವಿಸ್ಕಿ, ರಮ್, ಬಿಯರ್ ಎಲ್ಲವೂ ಸಿಗುತ್ತವೆ. ವೈನ್ ಮಾತ್ರ ಮೇಲಿನ ಹಲಗೆಯಲ್ಲಿ ಟ್ಯೂಬ್‌ಲೈಟಿನ ಪಕ್ಕ ಧೂಳು ಹಿಡಿದು ನಿಂತಿರುತ್ತದೆ. ಹೀಗಿರುವಾಗ ವಿಜಯಪುರದ ಬಳಿಯ ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ಬೆಳೆಯುವ ನಮ್ಮ ಎಂಟು ಎಕರೆ ಥಾಮ್ಸನ್ ದ್ರಾಕ್ಷಿ ತೋಟದಲ್ಲಿ ಎರಡು ಎಕರೆ ಕಿತ್ತು ಶಿರಾಜ್ ಎಂಬ ವೈನ್ ದ್ರಾಕ್ಷಿ ಹಚ್ಚುತ್ತೇನೆ ಎಂದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಮಣೂಕ ಬಿಟ್ಟು ಸಾರಾಯಿಗೆ ಬಿದ್ದೆಯೇನೋ?"

ನನ್ನ ಧೈರ್ಯಕ್ಕೆ ಕಾರಣಗಳಿದ್ದವು. ನಂದಿ ಬೆಟ್ಟದ ತಪ್ಪಲಲ್ಲಿ ಕನ್ವಲ್ ಗ್ರೋವರ್ ಅವರು ಫ್ರೆಂಚ್ ತಳಿಗಳನ್ನು ಬೆಳೆದು 1990ರ ದಶಕದಲ್ಲೇ ವೈನ್ ಹೊರತಂದಿದ್ದರು. ನಾಸಿಕದಲ್ಲಿ ಸುಲಾ ಎಂಬ ವೈನ್ ಕಂಪನಿ ಬೆಳೆಯುತ್ತಿತ್ತು. 2007ರಲ್ಲಿ ನಮ್ಮ ರಾಜ್ಯವೂ ವೈನ್ ನೀತಿ ತಂದು, ಅದಕ್ಕೊಂದು ಮಂಡಳಿ ಮಾಡಿತು. ಜೊತೆಗೆ, ನೆರಳಲ್ಲಿ ಒಣಗಲು ಹಾಕಿದ್ದ ಮಣೂಕದ ಮೇಲೆ ಒಂದು ವರ್ಷ ಅಕಾಲ ಮಳೆ ಸುರಿದು ಕಪ್ಪಾದದ್ದನ್ನು ನಾನು ಮರೆತಿರಲಿಲ್ಲ.

ಸಸಿ ಹಚ್ಚುವುದು ಸುಲಭ. ಕಷ್ಟ ಶುರುವಾಗುವುದು ಪುಸ್ತಕ ತೆರೆದಾಗ. ವೈನ್ ದ್ರಾಕ್ಷಿಯ ಮೇಲೆ ನಾನು ಓದಿದ ಪುಸ್ತಕಗಳೆಲ್ಲ ಚಳಿ ದೇಶದವು. ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಏಳುತ್ತದೆ ಎಂಬಲ್ಲಿಂದ ಅವು ಆರಂಭವಾಗುತ್ತವೆ. ನಮ್ಮ ಬಳ್ಳಿ ಮಲಗುವುದೇ ಇಲ್ಲ. ಬಿಟ್ಟರೆ ವರ್ಷವಿಡೀ ಚಿಗುರುತ್ತದೆ. ಆದ್ದರಿಂದ ಇಲ್ಲಿ ಎರಡು ಸಲ ಚಾಟ್ನಿ, ಅಂದರೆ ಬಳ್ಳಿ ಸವರುವುದು: ಏಪ್ರಿಲ್‌ನಲ್ಲಿ ಕಡ್ಡಿಗಾಗಿ, ಅಕ್ಟೋಬರ್‌ನಲ್ಲಿ ಹಣ್ಣಿಗಾಗಿ. ಎರಡನೆಯದಕ್ಕೆ ಮುಂಚೆ ನೀರು ನಿಲ್ಲಿಸಿ, ಎಲೆ ಉದುರಿಸಿ, ಚಳಿಗಾಲ ಬಂದಿತೆಂದು ಬಳ್ಳಿಯನ್ನು ನಂಬಿಸಬೇಕು. ಆಮೇಲೆ ಕಡ್ಡಿಯ ಕಣ್ಣುಗಳಿಗೆ, ಅಂದರೆ ಚಿಗುರೊಡೆಯುವ ಮೊಗ್ಗುಗಳಿಗೆ, ಡಾರ್ಮೆಕ್ಸ್ ಎಂಬ ರಾಸಾಯನಿಕ ಹಚ್ಚಿ ಎಬ್ಬಿಸಬೇಕು. ಅದನ್ನು ಹಚ್ಚಿದವರು ಕೆಲ ದಿನ ಮದ್ಯ ಮುಟ್ಟುವಂತಿಲ್ಲ, ಮುಟ್ಟಿದರೆ ಮುಖ ಕೆಂಪೇರಿ ಎದೆ ಹೊಡೆದುಕೊಳ್ಳುತ್ತದೆ. ವೈನಿನ ಬೆಳೆ ಶುರುವಾಗುವುದೇ ಕುಡಿತ ಬಿಡಿಸುವ ಔಷಧಿಯಿಂದ ಎಂದು ಆಳುಗಳು ನಗುತ್ತಾರೆ.

ಅಪ್ಪನಿಗೆ ನಿಜವಾಗಿ ಸಿಟ್ಟು ಬಂದದ್ದು ಕಾಯಿ ಕತ್ತರಿಸಿದಾಗ. ತಿನ್ನುವ ದ್ರಾಕ್ಷಿಯಲ್ಲಿ ಎಕರೆಗೆ ಹತ್ತು ಟನ್ ದಾಟಿದರೆ ಸಂತೋಷ. ವೈನಿಗೆ ನಾಲ್ಕೈದು ಟನ್ ಸಾಕು, ಹೆಚ್ಚಾದರೆ ರಸ ನೀರಾಗುತ್ತದೆ. ಬಣ್ಣ ತಿರುಗುವ ಹೊತ್ತಿಗೆ ಕಡ್ಡಿಗೆ ಒಂದೊಂದೇ ಗೊಂಚಲು ಉಳಿಸಿ ಮಿಕ್ಕಿದ್ದನ್ನು ನೆಲಕ್ಕೆ ಬೀಳಿಸಿದೆ. ಅಪ್ಪ ಬದುವಿನ ಮೇಲೆ ಕುಳಿತು ನೋಡಿದರು. ಸಂಜೆ ಬಿದ್ದ ಗೊಂಚಲುಗಳನ್ನು ಬುಟ್ಟಿಗೆ ತುಂಬಿ ಎಮ್ಮೆಗೆ ಹಾಕಿದರು. ಮೂರು ದಿನ ನನ್ನೊಡನೆ ಮಾತಿಲ್ಲ.

ಹಣ್ಣು ಕೊಟ್ಟು ಕೈ ತೊಳೆದುಕೊಳ್ಳಲು ಮನಸ್ಸಾಗದೆ, ಅದನ್ನು ಕೊಳ್ಳುತ್ತಿದ್ದ ವೈನ್ ಘಟಕದಲ್ಲೇ ಹಂಗಾಮಿನ ಮೂರು ತಿಂಗಳು ಟ್ಯಾಂಕ್ ತೊಳೆಯುವ ಕೆಲಸಕ್ಕೆ ಸೇರಿದೆ. ನಾಲ್ಕನೆಯ ವರ್ಷಕ್ಕೆ ಹುದುಗಿಸುವ ಹೊಣೆ ನನ್ನ ಮೇಲೆ ಬಂತು. ಆ ವರ್ಷವೇ ಕೆಡಿಸಿದೆ.

ಬೀಜ ಕಂದು ಬಣ್ಣಕ್ಕೆ ತಿರುಗಿ ಅಗಿದರೆ ಮುರಿಯಬೇಕು, ಸಿಪ್ಪೆ ಮೆತ್ತಗಾಗಬೇಕು, ಅಲ್ಲಿಯವರೆಗೆ ಕಾಯಿರಿ ಎಂದು ಪುಸ್ತಕ ಹೇಳಿತ್ತು. ಕಾದೆ. ಫೆಬ್ರವರಿ ಕೊನೆಯ ಬಿಸಿಲಿಗೆ ರಸದ ಸಕ್ಕರೆ ವಾರದಲ್ಲೇ 26 ಬ್ರಿಕ್ಸ್‌ಗೆ (ಸಕ್ಕರೆಯ ಅಳತೆ) ಏರಿತು, ಹುಳಿ ಕುಸಿಯಿತು, ಹುಳಿ ಇಳಿದಂತೆ ಏರುವ ಪಿಎಚ್ 3.9 ತೋರಿಸಿತು. 3.5ರ ಆಸುಪಾಸಿನಲ್ಲಿರಬೇಕಾದ ರಸ ಅದು. ಅಷ್ಟು ಸಕ್ಕರೆಯೆಲ್ಲ ಹುದುಗಿದರೆ ಸುಮಾರು 15 ಶೇಕಡ ಆಲ್ಕೋಹಾಲ್. ಹುದುಗಿಸುವ ಯೀಸ್ಟ್‌ಗೆ ಅದೇ ಭಾರ. ಅದರ ಮೇಲೆ ಆರನೆಯ ದಿನ ವಿದ್ಯುತ್ ಹೋಗಿ ತಂಪು ಯಂತ್ರ ನಿಂತಿತು. ಬೆಳಿಗ್ಗೆ ಟ್ಯಾಂಕ್ ಮುಟ್ಟಿದರೆ ಹಂಡೆಯ ನೀರಿನಂತೆ ಬೆಚ್ಚಗಿತ್ತು, 36 ಡಿಗ್ರಿ. ಹುದುಗುವ ಟ್ಯಾಂಕಿನ ಮೇಲೆ ಕಿವಿಯಿಟ್ಟರೆ ಮಳೆ ಬೀಳುವಂಥ ಸದ್ದು ಕೇಳುತ್ತದೆ. ಅಂದು ಏನೂ ಕೇಳಲಿಲ್ಲ. ಯೀಸ್ಟ್ ಸತ್ತಿತ್ತು, ಸಕ್ಕರೆ ಉಳಿದಿತ್ತು. ಬಕೆಟ್ಟಿನಲ್ಲಿ ಹೊಸ ಯೀಸ್ಟ್ ಎಬ್ಬಿಸಿ, ಕೆಟ್ಟ ವೈನನ್ನೇ ಲೋಟ ಲೋಟವಾಗಿ ಬೆರೆಸಿ ಅದಕ್ಕೆ ರೂಢಿ ಮಾಡಿಸಿ ಟ್ಯಾಂಕಿಗೆ ಬಿಟ್ಟೆವು. ತಡವಾಗಿತ್ತು. ಉಗುರು ಬಣ್ಣದ ವಾಸನೆ ಬಂದುಬಿಟ್ಟಿತ್ತು. ಆ ಟ್ಯಾಂಕ್ ಭಟ್ಟಿಗೆ ಹೋಯಿತು.

ಮರುವರ್ಷದಿಂದ ಬ್ರಿಕ್ಸ್ ಮೀಟರನ್ನಷ್ಟೇ ನಂಬುವುದನ್ನು ಬಿಟ್ಟೆ. ದಿನ ಬಿಟ್ಟು ದಿನ ತೋಟದ ನಾಲ್ಕು ಮೂಲೆಯ ಕಾಳು ಹಿಸುಕಿ ಪಿಎಚ್ ನೋಡುತ್ತೇನೆ. 23–24 ಬ್ರಿಕ್ಸ್‌ಗೆ, ಸಿಪ್ಪೆ ಇನ್ನೂ ಚೂರು ಬಿಗಿಯಿದ್ದರೂ ಸರಿ, ಕೊಯ್ಲು ಮುಗಿಸುತ್ತೇನೆ. ಟಾರ್ಟಾರಿಕ್ ಹುಳಿಯನ್ನು ಹುದುಗುವ ಮೊದಲೇ ಸೇರಿಸುತ್ತೇನೆ, ಆಮೇಲೆ ಸೇರಿಸಿದ್ದು ನಾಲಿಗೆಗೆ ಬೇರೆಯಾಗಿಯೇ ಗೊತ್ತಾಗುತ್ತದೆ. ಕೊಯ್ಲು ರಾತ್ರಿ ಎರಡಕ್ಕೆ ಶುರು, ಹೊತ್ತು ಮೂಡುವುದರೊಳಗೆ ಕೊನೆಯ ಕ್ರೇಟ್ ಗಾಡಿ ಏರಬೇಕು. ಹಣೆಗೆ ದೀಪ ಕಟ್ಟಿಕೊಂಡು ಸಾಲಿನಲ್ಲಿ ಸಾಗುವ ಹೆಂಗಸರು ಹಣ್ಣನ್ನು ನನಗಿಂತ ಚೆನ್ನಾಗಿ ಆರಿಸುತ್ತಾರೆ.

ಏಷ್ಯಾದ ಉಳಿದ ವೈನ್ ನಾಡುಗಳ ಬಗ್ಗೆ ಓದಿದಾಗ ನನಗೆ ಸಮಾಧಾನ ಸಿಕ್ಕಿತು. ಚೀನಾದ ನಿಂಗ್‌ಶಿಯಾದಲ್ಲಿ ಚಳಿಗೆ ಬಳ್ಳಿ ಸಾಯುತ್ತದೆಂದು ಶರತ್ಕಾಲದಲ್ಲಿ ಅದನ್ನು ಬಾಗಿಸಿ ಮಣ್ಣಲ್ಲಿ ಹೂತು, ವಸಂತದಲ್ಲಿ ಅಗೆದು ತೆಗೆಯುತ್ತಾರೆ. ಅಂಥ ನೆಲದ ಒಂದು ಕೆಂಪು ವೈನ್ 2011ರಲ್ಲಿ ಲಂಡನ್ನಿನ ಡಿಕ್ಯಾಂಟರ್ ಸ್ಪರ್ಧೆಯಲ್ಲಿ ದೊಡ್ಡ ಪ್ರಶಸ್ತಿ ಗೆದ್ದಿತು. ಜಪಾನಿನ ಯಮನಾಶಿಯಲ್ಲಿ ಮಳೆ ಜಾಸ್ತಿ. ಕೊಶು ದ್ರಾಕ್ಷಿಯ ಗೊಂಚಲಿಗೆ ಕಾಗದದ ಟೋಪಿ ತೊಡಿಸುತ್ತಾರೆ. ಥಾಯ್ಲೆಂಡಿನ ಖಾವೊ ಯಾಯ್‌ನಲ್ಲಿ ನಮ್ಮಂತೆಯೇ ಮಳೆಗಾಲ ತಪ್ಪಿಸಿ ಚಾಟ್ನಿ ಮಾಡಿ ಫೆಬ್ರವರಿಯಲ್ಲಿ ಕೊಯ್ಯುತ್ತಾರೆ. ಬಾಲಿಯಲ್ಲಿ ವರ್ಷಪೂರ್ತಿ ಕೊಯ್ಲು. ಒಬ್ಬರೂ ಫ್ರಾನ್ಸಿನ ಪಂಚಾಂಗವನ್ನು ಇದ್ದಂತೆ ಇಟ್ಟುಕೊಂಡಿಲ್ಲ. ನಾನೊಬ್ಬನೇ ತಪ್ಪು ಮಾಡುತ್ತಿದ್ದೇನೆ ಎಂದುಕೊಂಡು ಕಳೆದ ವರ್ಷಗಳು ನೆನಪಾದವು.

ಈಗ ನನ್ನ ತಕರಾರು ಅಕ್ಟೋಬರ್ ಮಳೆಯ ಮೇಲೆ. ಚಾಟ್ನಿಯಾಗಿ ಎಳೆ ಚಿಗುರು ಬಂದಾಗಲೇ ಮಳೆ ಹಿಡಿದರೆ ಡೌನಿ ರೋಗ ಒಂದೇ ರಾತ್ರಿಯಲ್ಲಿ ಹೂಗೊಂಚಲನ್ನು ತಿನ್ನುತ್ತದೆ. ಕಳೆದ ಎರಡು ವರ್ಷ ಚಾಟ್ನಿಯನ್ನು ಹದಿನೈದು ದಿನ ಮುಂದೆ ಹಾಕಿದೆ. ರೋಗ ತಪ್ಪಿತು, ಆದರೆ ಕೊಯ್ಲು ಮಾರ್ಚ್ ಬಿಸಿಲಿಗೆ ಸರಿಯಿತು. ಈ ಸಲ ಒಂದು ಎಕರೆ ಬೇಗ, ಒಂದು ಎಕರೆ ತಡವಾಗಿ ಮಾಡಿದ್ದೇನೆ. ಉಳಿದ ಆರು ಎಕರೆಯಲ್ಲಿ ಈಗಲೂ ಮಣೂಕವೇ. ಅದರ ಲೆಕ್ಕ ಅಪ್ಪನ ಡೈರಿಯಲ್ಲಿದೆ, ನನಗೆ ತೋರಿಸುವುದಿಲ್ಲ.